ಲೋಟ ಒಡೆದ ಮಾರನೇ ದಿನ

(ಭಾನುವಳ್ಳಿಯಲ್ಲಿ ಹಾಸ್ಟೆಲ್ ಗೆಳೆಯರು ಸೇರಿದ್ದ ನಾಟಕ ಶಿಬಿರದಲ್ಲಿ ಆಡಿದ ಮಾತು. ಆಡಿದ ಹಾಗೇ ಬರೆದುಕೊಟ್ಟಿದ್ದೇವೆ, ಅಲ್ಲಲ್ಲಿ ತಿದ್ದಿದ್ದೇವೆ.)

ನಾಟಕ ಬರೆಯೋದು ಹೇಗೆ ಅಂತ ಹೇಳ್ರಿ ಎಂದು ನಮ್ಮನ್ನು ಕರೆದಿದ್ದೀರಿ. ನಾವು ಕವಿತೆ ಬರೆದುಕೊಂಡಿದ್ದವರು. ಬಿ.ಎ. ಓದುವಾಗ ನಾಟಕದ ಮೇಲೆ ನೋಟ್ಸ್ ಬರೆದು ಪಾಸಾದೆವು. ಸಂಘರ್ಷ ಎಂದರೇನು, ಪರಾಕಾಷ್ಠೆ ಎಂದರೇನು, ಹತ್ತು ಅಂಕದ ಪ್ರಶ್ನೆ. ಆ ನೋಟ್ಸನ್ನೇ ಮುಂದಿಟ್ಟುಕೊಂಡು ಒಂದು ನಾಟಕ ಬರೆದೆವು, ಕೆಟ್ಟಿತು. ಮತ್ತೆ ಬರೆದೆವು, ಅರ್ಧ ಕೆಟ್ಟಿತು. ಈಗ ಮೂರನೇ ಸಲ ಬರೆಯುತ್ತಿದ್ದೇವೆ, ಇನ್ನೂ ಮುಗಿದಿಲ್ಲ. ಹಾಗಾಗಿ ಇವತ್ತು ಪಾಠ ಮಾಡೋ ಯೋಗ್ಯತೆ ನಮಗಿಲ್ಲ. ಕೆಟ್ಟಿದ್ದು ಹೇಗೆ ಅಂತ ಹೇಳಬಲ್ಲೆವು, ಅಷ್ಟೇ.

ಮೊದಲು ಒಂದು ಲೆಕ್ಕ ನೋಡೋಣ. ಎಪ್ಪತ್ತರ ದಶಕದಿಂದ ಈಚೆಗೆ ನಮ್ಮವರು ಏನೇನು ಬರೆದರು? 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಅಕ್ಷರ ಬಾರದವರ ಬಾಯಲ್ಲೂ ಆ ಹಾಡು ಕುಂತವು. ದೇವನೂರ ಮಹಾದೇವರ 'ಒಡಲಾಳ', ಆಮೇಲೆ 'ಕುಸುಮಬಾಲೆ' ಬಂದವು. ಅರವಿಂದ ಮಾಲಗತ್ತಿಯವರ 'ಗವರ್ನಮೆಂಟ್ ಬ್ರಾಹ್ಮಣ', ಸಿದ್ಧಲಿಂಗಯ್ಯನವರ 'ಊರುಕೇರಿ' ಅಂಥ ಆತ್ಮಕಥೆಗಳು ಬಂದವು. ನಾಟಕ? ಸಿದ್ಧಲಿಂಗಯ್ಯನವರೇ 'ಪಂಚಮ', 'ನೆಲಸಮ', 'ಏಕಲವ್ಯ' ಬರೆದರು. ಇನ್ನೂ ಕೆಲವರು ಬರೆದಿದ್ದಾರೆ. ಆದರೆ ಹಾಡಿನ ರಾಶಿ ಪಕ್ಕಕ್ಕಿಟ್ಟು ನೋಡಿದರೆ ನಾಟಕದ ಗುಡ್ಡೆ ಸಣ್ಣದು. ಯಾಕೆ?

ನಮ್ಮಲ್ಲಿ ಆಟ ಆಡುವ ರಕ್ತ ಇಲ್ಲ ಅಂತ ಯಾರೂ ಹೇಳುವಂತಿಲ್ಲ. ಊರಲ್ಲಿ ದೊಡ್ಡಾಟ ಅಂದರೆ ಹಲಗೆ ಬಡಿದು ಜನ ಕರೆದವರು ನಮ್ಮ ತಾತಂದಿರು. ಅಟ್ಟ ಕಟ್ಟೋಕೆ ಗಳ ಹೊತ್ತವರು ಅವರು. ರಾತ್ರಿಯೆಲ್ಲ ಹಿಂದೆ ನಿಂತು ನೋಡಿ, ಬೆಳಗಾಗುವಾಗ ಪಾತ್ರಧಾರಿಗಳ ಮಾತೆಲ್ಲ ಬಾಯಿಪಾಠ ಮಾಡಿಕೊಂಡು ಬಂದವರೂ ಅವರೇ. ನಮ್ಮ ತಾತ ಒಬ್ಬರಿಗೆ ಕಂದಗಲ್ಲ ಹನುಮಂತರಾಯರ 'ರಕ್ತರಾತ್ರಿ'ಯ ಮಾತುಗಳು ಬರುತ್ತಿದ್ದವು. ಒಂದು ಸಲವೂ ಬಣ್ಣ ಹಚ್ಚಿದವರಲ್ಲ.

ಕಾರಣ ಬೇರೆ ಇದೆ. ಹಾಡಿಗೆ ಒಂದು ಗಂಟಲು, ಒಂದು ಹಲಗೆ ಸಾಕು. ಕವಿತೆಗೆ ಒಂದು ಪೆನ್ನು. ಆತ್ಮಕಥೆಗೆ ನೆನಪು. ನಾಟಕಕ್ಕೆ ಆರು ಜನ ಬೇಕು, ಆರು ವಾರ ಬೇಕು, ತಾಲೀಮಿಗೆ ಜಾಗ ಬೇಕು. ಅದನ್ನೆಲ್ಲ ಹೇಗೋ ಹೊಂದಿಸಬಹುದು. ಕೊನೆಗೆ ಒಂದು ಉಳಿಯುತ್ತೆ: ಆ ಆರು ಜನರಲ್ಲಿ ಒಬ್ಬ ಗೌಡನಾಗಿ ನಿಲ್ಲಬೇಕು. ಕವಿತೆಯಲ್ಲಿ ಗೌಡನಿಗೆ ಮಾತು ಕೊಡಬೇಕಾಗಿಲ್ಲ, ನಾವೇ ಬೈದು ಮುಗಿಸಬಹುದು. ನಾಟಕದಲ್ಲಿ ಅವನು ಎದ್ದು ನಿಂತು ಉತ್ತರ ಕೊಡ್ತಾನೆ. ಕೊಡದಿದ್ದರೆ ಅದು ನಾಟಕವೇ ಆಗಲ್ಲ, ಭಾಷಣ ಆಗುತ್ತೆ. ನಾವು ಮೊದಲ ಸಲ ಎಡವಿದ್ದೇ ಇಲ್ಲಿ.

ನಾಟಕದ ಹೆಸರು 'ಲೋಟ'. ಕತೆ ನಿಮಗೆಲ್ಲ ಗೊತ್ತಿರೋದೇ. ಒಂದು ಹಳ್ಳಿ ಹೋಟೆಲು. ನಮ್ಮವರಿಗೆ ಬೇರೆ ಲೋಟ. ಅದು ಒಳಗಿರಲ್ಲ, ಹೊರಗೆ ಚಪ್ಪರದ ಗಳಕ್ಕೆ ಸಿಕ್ಕಿಸಿರುತ್ತೆ. ಕುಡಿದವನೇ ತೊಳೆದು ಮತ್ತೆ ಅಲ್ಲೇ ಸಿಕ್ಕಿಸಿ ಹೋಗಬೇಕು. ಅಸ್ಪೃಶ್ಯತೆ ಅಪರಾಧ ಅಂತ ಕಾನೂನು ಆದದ್ದು 1955ರಲ್ಲಿ. ಆಮೇಲೂ ಎಷ್ಟು ಊರಲ್ಲಿ ಎಷ್ಟು ವರ್ಷ ಆ ಲೋಟ ನೇತಾಡಿತು ಅಂತ ನಿಮ್ಮ ಮನೆ ಹಿರಿಯರನ್ನು ಕೇಳಿ. ನಮ್ಮ ಹರಿಹರದ ಗುಡಿಯಲ್ಲಿ ಹರಿ, ಹರ ಇಬ್ಬರೂ ಒಂದೇ ಮೈಯಲ್ಲಿ ನಿಂತಿದ್ದಾರೆ. ದೇವರು ಮೈಯನ್ನೇ ಹಂಚಿಕೊಂಡ ಸೀಮೆಯಲ್ಲಿ ಜನಕ್ಕೆ ಲೋಟ ಹಂಚಿಕೊಳ್ಳೋಕಾಗಲಿಲ್ಲ.

ನಮ್ಮ ಮೊದಲ ಕರಡಿನಲ್ಲಿ ಹಾಸ್ಟೆಲಿನಿಂದ ರಜೆಗೆ ಬಂದ ಹುಡುಗ ಆ ಲೋಟ ಕಿತ್ತು ಕಲ್ಲಿಗೆ ಬಡಿಯುತ್ತಾನೆ. ಬಡಿದು ಮೂರು ಪುಟ ಮಾತಾಡುತ್ತಾನೆ. ಮನು ಬಂದ, ಬುದ್ಧ ಬಂದ, ಬಸವಣ್ಣ ಬಂದ, ಬಾಬಾಸಾಹೇಬರು ಬಂದರು, ನಾವು ಓದಿದ್ದೆಲ್ಲ ಬಂತು. ಹೋಟೆಲ್ ಮಾಲೀಕ, ಗೌಡ ಇಬ್ಬರೂ ಬಾಯಿ ಕಳೆದುಕೊಂಡು ಕೇಳುತ್ತಾ ನಿಂತಿದ್ದರು. ಅವರಿಗೆ ನಾವು ಮಾತೇ ಬರೆದಿರಲಿಲ್ಲ. ಒಂದು ಕೇರಿಯಲ್ಲಿ ಆಡಿದೆವು. ಲೋಟ ಒಡೆದಾಗ ಸೀಟಿ, ಚಪ್ಪಾಳೆ. ನಮಗೆ ಗಂಟಲು ಉಬ್ಬಿ ಬಂತು.

ಆಟ ಮುಗಿದ ಮೇಲೆ ಒಬ್ಬ ಅಜ್ಜಿ ಹತ್ತಿರ ಬಂದಳು. ನಮ್ಮ ಕೈ ಹಿಡಿದುಕೊಂಡಳು. ಹೊಗಳುತ್ತಾಳೆ ಅಂತ ಕಾದೆವು. ಆಕೆ ಅಂದಳು:

"ಅಲ್ರಪ್ಪಾ, ಆಟ ಚೆನ್ನಾಗೈತಿ. ಆ ಹುಡ್ಗ ಲೋಟ ಒಡ್ದ, ಬಸ್ ಹತ್ತಿ ಹಾಸ್ಟೆಲಿಗೆ ಹೋದ. ಅವರವ್ವ ಎಲ್ಲಿಗೆ ಹೋದ್ಲು? ನಾಳಿಗೆ ಆಕಿನ್ನ ಕಳೆ ತೆಗಿಯಾಕೆ ಯಾರು ಕರೀತಾರೆ? ಅಂಗಡ್ಯಾಗೆ ಎಣ್ಣಿ ಯಾರು ಕೊಡ್ತಾರೆ? ಅದನ್ನ ಯಾಕೆ ತೋರಿಸ್ಲಿಲ್ಲ?"

ನಾವು ಏನೂ ಹೇಳಲಿಲ್ಲ. ಹೇಳೋಕೆ ಏನೂ ಇರಲಿಲ್ಲ. ಆಕೆಯ ಊರಲ್ಲೇ ಹಿಂದೆ ಒಮ್ಮೆ ಅಂಥದ್ದು ನಡೆದಿತ್ತಂತೆ. ಮೂರು ತಿಂಗಳು ಕೂಲಿ ಇರಲಿಲ್ಲವಂತೆ. ವಾಪಸ್ ಬರುವಾಗ ಟೆಂಪೋದಲ್ಲಿ ಯಾರೂ ಮಾತಾಡಲಿಲ್ಲ. ಹತ್ತು ಅಂಕದ ನೋಟ್ಸಿನಲ್ಲಿ ಲೋಟ ಒಡೆಯೋದು ಪರಾಕಾಷ್ಠೆ, ಅಲ್ಲಿಗೆ ಪರದೆ ಬೀಳಬೇಕು. ಆ ಅಜ್ಜಿಯ ಲೆಕ್ಕದಲ್ಲಿ ಅದು ನಾಟಕದ ಶುರು.

ಎರಡನೇ ಕರಡು ಶುರುವಾಗೋದು ಒಡೆದ ಲೋಟದ ಚೂರುಗಳಿಂದ. ಬೆಳಗಿನ ಜಾವ. ಹುಡುಗನ ಅಪ್ಪ ಬಂದು ಒಂದೊಂದೇ ಚೂರು ಆರಿಸುತ್ತಾನೆ. ಈಗ ನೋಡಿ, ಒಂದೇ ಏಟಿಗೆ ಎಷ್ಟು ಪ್ರಶ್ನೆ ಹುಟ್ಟಿದವು! ಯಾಕೆ ಆರಿಸುತ್ತಾನೆ? ಹೆದರಿಕೆಯೋ? ಕಾಲಿಗೆ ಚುಚ್ಚೀತು ಅಂತಲೋ? ಅವನದೇ ಲೋಟವಲ್ಲವೆ, ಇಪ್ಪತ್ತು ವರ್ಷ ಅದರಲ್ಲೇ ಕುಡಿದಿದ್ದಾನೆ, ಅದಕ್ಕೋ? ನಮಗೂ ಗೊತ್ತಿರಲಿಲ್ಲ. ಬರೆಯುವವರಿಗೇ ಗೊತ್ತಿಲ್ಲದ ಒಂದು ವಿಷಯ ಅಟ್ಟದ ಮೇಲೆ ಬಂದ ಮೇಲೆ ನಮ್ಮ ಪಾತ್ರಗಳು ಮೊದಲ ಸಲ ನಮ್ಮ ಮಾತು ಬಿಟ್ಟು ತಮ್ಮ ಮಾತಾಡಿದವು.

ಆ ಅಪ್ಪನಿಗೆ ಒಂದು ಹಿಂದಿನ ದೃಶ್ಯವೂ ಇದೆ. ಚಹಾ ಕುಡಿದು, ಕುಕ್ಕರಗಾಲಲ್ಲಿ ಕೂತು, ಲೋಟ ತೊಳೆಯುತ್ತಾನೆ. ಮಾತಿಲ್ಲ. ಬೂದಿ ಹಾಕಿ ತಿಕ್ಕುತ್ತಾನೆ, ನೀರು ಹಾಕುತ್ತಾನೆ, ಬೋರಲು ಹಾಕಿ ಒದರುತ್ತಾನೆ, ಎದ್ದು ಗಳಕ್ಕೆ ಸಿಕ್ಕಿಸುತ್ತಾನೆ. ಒಂದೂವರೆ ನಿಮಿಷ. ಮೂರು ಪುಟದ ಭಾಷಣಕ್ಕೆ ಸೀಟಿ ಹೊಡೆದ ಜನ ಈ ಒಂದೂವರೆ ನಿಮಿಷದಲ್ಲಿ ಕೆಮ್ಮಲೂ ಇಲ್ಲ.

ಆದರೆ ಆ ಪಾತ್ರ ಯಾರು ಮಾಡಬೇಕು? ಹಾಸ್ಟೆಲಿನ ಒಬ್ಬ ಗೆಳೆಯನಿಗೆ ಕೊಟ್ಟಿದ್ದೆವು. ಒಳ್ಳೆ ದನಿ, ಒಳ್ಳೆ ಮೈಕಟ್ಟು. ತಾಲೀಮಿನಲ್ಲಿ ಕೂತು ಲೋಟ ತೊಳೆಯುವ ಹೊತ್ತಿಗೆ ಎದ್ದು ನಿಂತ. "ಊರಾಗೆ ನಮ್ಮಪ್ಪ ಬಗ್ಗಿದ್ದು ಸಾಕು. ನಾನು ಓದಾಕೆ ಬಂದಿದ್ದೇ ಬಗ್ಗಬಾರದು ಅಂತ. ಇಲ್ಲಿ ಲೈಟ್ ಹಾಕ್ಕೊಂಡು ನಾನು ಬಗ್ಗಬೇಕಾ?" ಅಂದ. ಹೊರಗೆ ಹೋದ. ಒಂದು ವಾರ ತಾಲೀಮಿಗೆ ಬರಲಿಲ್ಲ.

ಗೆಳೆಯರೆ, ಇದಕ್ಕೆ ಉತ್ತರ ಯಾವ ರಂಗಭೂಮಿ ಪುಸ್ತಕದಲ್ಲೂ ನಮಗೆ ಸಿಗಲಿಲ್ಲ. ಮೇಲುಜಾತಿಯ ನಟ ಒಬ್ಬ ಈ ಪಾತ್ರ ಮಾಡಿದರೆ ಅವನಿಗೆ ಅದು ಅಭಿನಯ. ಮೈ ಬಗ್ಗಿಸೋದನ್ನು ಅವನು ಕಲಿಯಬೇಕು, ಕಲಿತರೆ ಜಾಣ ಅಂತಾರೆ. ನಮ್ಮ ಹುಡುಗನಿಗೆ ಅದು ಮರೆಯಬೇಕಾದ ವಿದ್ಯೆ. ನಾವು ಅವನನ್ನು ಒತ್ತಾಯ ಮಾಡಲಿಲ್ಲ. ಅವನೇ ವಾಪಸ್ ಬಂದ. ಊರಿಗೆ ಹೋಗಿ ಅಪ್ಪನನ್ನು ಕೇಳಿದನಂತೆ, ಲೋಟ ತೊಳೆಯುವಾಗ ಏನು ಯೋಚಿಸ್ತಿದ್ದಿ ಅಂತ. ಅಪ್ಪ ನಕ್ಕು, "ಏನ್ ಯೋಚಿಸ್ತೀನೋ, ನಮ್ಮ ಹಿಂದಿನೋನು ಸರಿಯಾಗಿ ತೊಳ್ದಿರಲಿಲ್ಲ ಅಂತ ಬೈಕಂತ ತೊಳೀತಿದ್ದೆ" ಅಂದನಂತೆ. ಆ ಮಾತು ನಾಟಕಕ್ಕೆ ಹೋಯಿತು. ಅವನೇ ಆ ಪಾತ್ರ ಮಾಡಿದ. ಆದರೆ ಒಂದು ಷರತ್ತು ಹಾಕಿದ: ಮುಖ ಜನರ ಕಡೆಗೆ ಇರಬೇಕು, ತಲೆ ತಗ್ಗಿಸಲ್ಲ, ಕೈ ಮಾತ್ರ ಕೆಳಗೆ. ಕುಕ್ಕರಗಾಲಲ್ಲಿ ಕೂತು ನೆಟ್ಟ ದೃಷ್ಟಿಯಲ್ಲಿ ಜನರನ್ನೇ ನೋಡುತ್ತಾ ಲೋಟ ತೊಳೆಯುತ್ತಾನೆ. ಅವನ ಷರತ್ತು ನಮ್ಮ ಬರವಣಿಗೆಗಿಂತ ಚೆನ್ನಾಗಿತ್ತು.

ಇನ್ನು ಗೌಡನ ವಿಷಯ. ಮೊದಲು ಯಾರೂ ಆ ಪಾತ್ರ ಬೇಡ ಅಂದರು. ಎರಡನೇ ಕರಡಿನಲ್ಲಿ ಮಾತು ಬರೆದುಕೊಟ್ಟ ಮೇಲೆ ಎಲ್ಲರಿಗೂ ಅದೇ ಬೇಕು! ಯಾಕೆ ಅಂತ ನೋಡಿದರೆ, ನಾಟಕದಲ್ಲಿ ರಸವತ್ತಾದ ಮಾತೆಲ್ಲ ಅವನಿಗೇ ಹೋಗಿತ್ತು. ಗಾದೆ ಅವನಿಗೆ, ಬೈಗುಳ ಅವನಿಗೆ, ವ್ಯಂಗ್ಯ ಅವನಿಗೆ. ನಮ್ಮ ನಾಯಕನ ಬಾಯಲ್ಲಿ ಬರೀ ಪುಸ್ತಕದ ಕನ್ನಡ. ಇದು ನಾಚಿಕೆಯ ವಿಷಯ, ಆದರೂ ಹೇಳಬೇಕು. ಚಿಕ್ಕಂದಿನಿಂದ ಗೌಡನ ಮಾತು ಕೇಳಿ ಕೇಳಿ ನಮಗೆ ಬಾಯಿಪಾಠ ಆಗಿದೆ. ಕಣ್ಣು ಮುಚ್ಚಿ ಬರೆಯಬಲ್ಲೆವು. ನಮ್ಮ ಅವ್ವ, ಅಪ್ಪ ಆಡುವ ಮಾತು ಬರೆಯೋಕೆ ಮಾತ್ರ ಕೈ ನಡುಗುತ್ತೆ. ಕಾಲೇಜಲ್ಲಿ ನಗುತ್ತಾರೆ ಅಂತ ಮೂರು ವರ್ಷ ಕಷ್ಟಪಟ್ಟು ಬಿಟ್ಟ ಮಾತು ಅದು.

ಅಪ್ಪನ ಪಾತ್ರ ಒಂದು ಕಡೆ "ಇದು ಶೋಷಣೆ" ಅಂತಿತ್ತು. ನಮ್ಮಪ್ಪ ಜೀವಮಾನದಲ್ಲಿ ಆ ಶಬ್ದ ಆಡಿಲ್ಲ. "ಹೊಟ್ಟಿ ಮ್ಯಾಲೆ ಹೊಡೀತಾರೆ" ಅಂತಾರೆ. ಶೋಷಣೆ ಅನ್ನೋದು ನಾವು ಪ್ರಬಂಧ ಬರೆಯೋಕೆ ಇಟ್ಟುಕೊಂಡ ಶಬ್ದ. ಬೇಕು ಅದು, ಬೇಡ ಅಂತಲ್ಲ, ಆದರೆ ಅಪ್ಪನ ಬಾಯಲ್ಲಿ ಬೇಡ. ಕೇರಿಯಲ್ಲಿ ನಮ್ಮವರು ತಮ್ಮತಮ್ಮಲ್ಲೇ ಇರುವಾಗ ಆಡುವ ಮಾತು ಇದೆಯಲ್ಲ, ಗೌಡನ ನಡಿಗೆಯನ್ನು ಅಣಕಿಸೋದು, ಅವನಿಗೆ ಇಟ್ಟ ಅಡ್ಡಹೆಸರು, ನಾಟಿ ಗದ್ದೆಯಲ್ಲಿ ಹೆಂಗಸರು ಸಾಲು ಹಿಡಿದು ಆಡಿಕೊಳ್ಳುವ ಮಾತು, ಅದನ್ನು ಗೌಡ ಒಮ್ಮೆಯೂ ಕೇಳಿಲ್ಲ. ಅವನಿಗೆ ಗೊತ್ತಿಲ್ಲದ ಒಂದು ಕನ್ನಡ ನಮ್ಮ ಹತ್ತಿರ ಇದೆ. ನಾಟಕ ಬರೆಯುವವರಿಗೆ ಅದಕ್ಕಿಂತ ದೊಡ್ಡ ಆಸ್ತಿ ಯಾವುದು? ಮುಂದಿನ ರಜೆಗೆ ಊರಿಗೆ ಹೋದಾಗ ಫೋನಿನಲ್ಲಿ ಅಜ್ಜಿ ಮಾತು ರೆಕಾರ್ಡ್ ಮಾಡಿಕೊಂಡು ಬರ್ರಿ. ಕತೆ ಹೇಳು ಅನ್ನಬೇಡಿ. ಸುಮ್ಮನೆ ಆಕೆ ಪಕ್ಕದ ಮನೆಯವಳ ಹತ್ತಿರ ಮಾತಾಡುವಾಗ ಹಿಡೀರಿ. ಆಕೆಗೆ ಹೇಳಿ ಹಿಡೀರಿ, ಕದ್ದು ಬೇಡ.

ಗೌಡನ ಬಾಯಲ್ಲಿ ನಾವು ನಮ್ಮ ಜಾತಿಯ ಹೆಸರನ್ನೇ ಬೈಗುಳವಾಗಿ ಹಾಕಿದ್ದೆವು. ಇರೋದನ್ನೇ ತೋರಿಸ್ತೀವಿ, ಮುಚ್ಚುಮರೆ ಯಾಕೆ ಅಂತ. ಆಡಿದ ಮಾರನೇ ದಿನ ಆ ಕೇರಿಯ ಸಣ್ಣ ಹುಡುಗರು ಗೌಡನ ಹಾಗೆ ಮೀಸೆ ತಿರುವಿ, ಅದೇ ಬೈಗುಳ ಹೇಳಿ ಆಟ ಆಡ್ತಿದ್ದರು. ನಮ್ಮ ನಾಟಕ ಅವರಿಗೆ ಕಲಿಸಿದ್ದು ಅದು! ತೆಗೆದೆವು. ಈಗ ಗೌಡ ಅಪ್ಪನನ್ನು ಕರೆಯೋದೇ ಇಲ್ಲ. ಬೆರಳು ತೋರಿಸುತ್ತಾನೆ, ನಾಲಿಗೆಯಲ್ಲಿ ಟಿಕ್ ಟಿಕ್ ಅಂತಾನೆ, ಎತ್ತನ್ನು ತಿರುಗಿಸುವ ಹಾಗೆ. ನಾಟಕ ಮುಗಿಯುವವರೆಗೂ ಅಪ್ಪನ ಹೆಸರು ಅವನ ಬಾಯಲ್ಲಿ ಬರಲ್ಲ. ಬೈಗುಳಕ್ಕಿಂತ ಇದು ಹೆಚ್ಚು ಚುಚ್ಚಿತು, ಹುಡುಗರಿಗೆ ಅಣಕಿಸೋಕೂ ಏನೂ ಸಿಗಲಿಲ್ಲ.

ಹೋಟೆಲ್ ಮಾಲೀಕನನ್ನೂ ನಾವು ಮೊದಲು ರಾಕ್ಷಸ ಮಾಡಿದ್ದೆವು. ಆಮೇಲೆ ಯೋಚನೆ ಮಾಡಿದೆವು. ಆ ಹೋಟೆಲಿನವನೂ ಗೌಡನ ಹತ್ತಿರ ಸಾಲ ಮಾಡಿದವನು. ಜಾಗ ಗೌಡನದು. ಅವನು ನಮ್ಮನ್ನು ಗದರಿಸಲ್ಲ. "ನಾನೇನು ಮಾಡ್ಲಿ ತಮ್ಮಾ, ನಂಗೇನೂ ಭೇದ ಇಲ್ಲ, ಊರು ಒಪ್ಪಬೇಕಲ್ಲ" ಅಂತಾನೆ. ಈ ತಮ್ಮಾ ಅನ್ನೋ ಮಾತಿನ ಮೆತ್ತಗಿನ ಒದೆ ನಿಮಗೆಲ್ಲ ಬಿದ್ದಿರುತ್ತೆ. ರಾಕ್ಷಸನಿಗೆ ಉತ್ತರ ಕೊಡೋದು ಸುಲಭ. ಇವನಿಗೆ ಉತ್ತರ ಕೊಡಬೇಕಾದಾಗ ನಮ್ಮ ನಾಯಕ ಮೊದಲ ಸಲ ಯೋಚನೆ ಮಾಡಬೇಕಾಯಿತು.

ಈಗ ಒಂದು ಹೊಸ ತೊಂದರೆ ಬಂದಿದೆ. ಎಷ್ಟೋ ಕಡೆ ಗಳಕ್ಕೆ ಸಿಕ್ಕಿಸಿದ ಲೋಟ ಹೋಗಿದೆ, ಕಾಗದದ ಕಪ್ಪು ಬಂದಿದೆ. ಯಾರಿಗೆ ಸ್ಟೀಲ್ ಲೋಟ ಕೊಡ್ತಾರೆ, ಯಾರಿಗೆ ಕೇಳದೇ ಕಾಗದದ್ದು ಕೊಡ್ತಾರೆ ಅಂತ ಸುಮ್ಮನೆ ಕೂತು ನೋಡಿದರೆ ಗೊತ್ತಾಗುವ ಹೋಟೆಲುಗಳು ಇವೆ. ಕೇಳಿದರೆ "ಶುಚಿ ಅಲ್ವಾ ತಮ್ಮಾ" ಅಂತಾರೆ. ಕಾಗದದ ಕಪ್ಪನ್ನು ಒಡೆಯೋಕಾಗಲ್ಲ. ಹಿಸುಕಬಹುದು, ಸದ್ದೇ ಬರಲ್ಲ. ನಮ್ಮ ನಾಟಕದ ದೊಡ್ಡ ದೃಶ್ಯವೇ ಕೈಬಿಟ್ಟು ಹೋಯಿತು! ಮೂರನೇ ಕರಡು ಇದರಲ್ಲೇ ಸಿಕ್ಕಿಕೊಂಡಿದೆ. ಅದಕ್ಕೆ ಕೊನೆಗೆ ಬರ್ತೀವಿ.

ಹಿಂದಿನವರು ಏನು ಮಾಡಿದರು ಅಂತ ಸ್ವಲ್ಪ ನೋಡೋಣ. ಕುವೆಂಪು 1928ರಲ್ಲಿ 'ಜಲಗಾರ' ಬರೆದರು. ಗುಡಿಗೆ ಹೋಗದೆ ಬೀದಿ ಗುಡಿಸುವವನ ಹತ್ತಿರ ಶಿವನೇ ಜಲಗಾರನಾಗಿ ಬರುತ್ತಾನೆ. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ನಾವು ಓದಿ ಕಣ್ಣೀರು ಹಾಕಿದವರೇ. ಆದರೆ ಎರಡನೇ ಸಲ ಓದುವಾಗ ಒಂದು ಕಿರಿಕಿರಿ ಆಯಿತು: ಶಿವ ಬಂದ, ಸರಿ, ಪೊರಕೆ ಕೈ ಬಿಡಲಿಲ್ಲವಲ್ಲ! ಇದೇ ಹರಿಹರದಲ್ಲಿ ಹುಟ್ಟಿದ ಬಿ. ಬಸವಲಿಂಗಪ್ಪನವರು ಎಪ್ಪತ್ತರ ದಶಕದಲ್ಲಿ ಮಂತ್ರಿಯಾಗಿದ್ದಾಗ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಆದೇಶ ಮಾಡಿದರು. ಶಿವ ಜಲಗಾರನಾಗೋದು ಒಂದು ನಾಟಕ. ಜಲಗಾರನ ತಲೆ ಮೇಲಿನ ಬುಟ್ಟಿ ಇಳಿಯೋದು ಇನ್ನೊಂದು ನಾಟಕ, ಅದನ್ನು ನಾವು ಬರೆಯಬೇಕು. ಮಲ ಹೊರುವ ಕೆಲಸಕ್ಕೆ ಯಾರನ್ನೂ ಹಚ್ಚಬಾರದು ಅಂತ 2013ರಲ್ಲಿ ಮತ್ತೊಂದು ಕಾನೂನು ಮಾಡಬೇಕಾಯಿತು ಅಂದರೆ ಆ ನಾಟಕದ ಕೊನೆ ಅಂಕ ಇನ್ನೂ ಬಾಕಿ ಇದೆ ಅಂತ ಅರ್ಥ.

ಅದೇ ಕುವೆಂಪು 1944ರ 'ಶೂದ್ರ ತಪಸ್ವಿ'ಯಲ್ಲಿ ಮಾಡಿದ ಕೆಲಸ ನೋಡಿ. ರಾಮ ಶಂಬೂಕನನ್ನು ಕೊಂದ ಅಂತ ಕತೆ. ಇವರು ಬಾಣವನ್ನೇ ತಿರುಗಿಸಿಬಿಟ್ಟರು. ಬಿಟ್ಟ ಬಾಣ ಶಂಬೂಕನ ಮೇಲೆ ಹೋಗದೆ ದ್ವೇಷ ಹೊತ್ತ ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಹೋಗುತ್ತೆ. ಹಳೆ ಕತೆಯಲ್ಲಿ ಒಂದೇ ಒಂದು ವಸ್ತುವಿನ ದಿಕ್ಕು ಬದಲಾಯಿಸಿದರೆ ಇಡೀ ಕತೆ ಬದಲಾಗುತ್ತೆ. ಪುರಾಣ ಮುಟ್ಟುವವರು ಇದನ್ನು ಕಲಿಯಬೇಕು. ನಮ್ಮಲ್ಲಿ ಏಕಲವ್ಯನ ಮೇಲೆ ಬರೆಯದ ಹಾಸ್ಟೆಲೇ ಇಲ್ಲ, ಎಲ್ಲರ ಏಕಲವ್ಯನೂ ಹೆಬ್ಬೆರಳು ಕೊಟ್ಟು ಭಾಷಣ ಮಾಡ್ತಾನೆ.

ಲಂಕೇಶರ 'ಸಂಕ್ರಾಂತಿ'ಯಲ್ಲಿ ಉಜ್ಜ ಅಂತ ಒಬ್ಬ ಮುದುಕ ಬರ್ತಾನೆ, ನಮ್ಮವನು. ಶರಣರ ಕಡೆ ಹೊರಟ ಮಗನಿಗೆ ಎದುರು ಮಾತಾಡ್ತಾನೆ. ನಮ್ಮ ನಾಟಕಗಳಲ್ಲಿ ಕೇರಿಯವರೆಲ್ಲ ಒಂದೇ ದನಿ ಮಾಡ್ತಾರೆ, ಕೋರಸ್ ಹಾಗೆ. ನಿಜವಾಗಿ ಕೇರಿಯಲ್ಲಿ ಒಂದೇ ದನಿ ಇದೆಯಾ? ಲೋಟ ಒಡೆದಿದ್ದು ತಪ್ಪು ಅನ್ನೋ ಚಿಕ್ಕಪ್ಪ ನಮ್ಮಲ್ಲೇ ಇಲ್ಲವಾ? ಅವನನ್ನು ಹೇಡಿ ಅಂತ ಬರೆದು ಕೈತೊಳೆದುಕೊಳ್ಳಬೇಡಿ. ಅವನಿಗೆ ಮದುವೆಗೆ ಬಂದ ಮಗಳು ಇರ್ತಾಳೆ, ಗೌಡನ ಹತ್ತಿರ ಚೀಟಿ ಸಾಲ ಇರುತ್ತೆ.

ಎಲ್ಲಕ್ಕಿಂತ ನಮಗೆ ದಾರಿ ತೋರಿಸಿದ್ದು 'ಒಡಲಾಳ'. ಅದು ನಾಟಕ ಅಲ್ಲ, ಕತೆ. ಸಿ.ಜಿ. ಕೃಷ್ಣಸ್ವಾಮಿಯವರು ರಂಗಕ್ಕೆ ತಂದರು, ಉಮಾಶ್ರೀ ಸಾಕವ್ವ ಆದರು. ಅದರಲ್ಲಿ ಏನು ನಡೆಯುತ್ತೆ? ಒಬ್ಬ ಮುದುಕಿಯ ಹುಂಜ ಕಳೆದುಹೋಗಿದೆ. ಆಕೆ ಹುಡುಕುತ್ತಾಳೆ, ಬೈಯುತ್ತಾಳೆ. ರಾತ್ರಿ ಮನೆಗೆ ಕದ್ದ ಕಡಲೆಕಾಯಿ ಬರುತ್ತೆ, ಮನೆಮಂದಿಯೆಲ್ಲ ಕೂತು ತಿನ್ನುತ್ತಾರೆ. ಪೊಲೀಸರು ಬರುತ್ತಾರೆ. ಇಷ್ಟೇ. ಘೋಷಣೆ ಎಲ್ಲೂ ಇಲ್ಲ. ಹಸಿದ ಮನೆಯಲ್ಲಿ ಒಂದು ರಾತ್ರಿ ಕಡಲೆಕಾಯಿ ತಿನ್ನುವ ಸುಖ ಇದೆ, ನಗೆ ಇದೆ. ನಮ್ಮ ಮೊದಲ ಕರಡಿನಲ್ಲಿ ಯಾರೂ ಒಮ್ಮೆಯೂ ನಕ್ಕಿರಲಿಲ್ಲ. ಕೇರಿಯಲ್ಲಿ ದಿನಕ್ಕೆ ಎಷ್ಟು ಸಲ ನಗ್ತಾರೆ ನಿಮಗೇ ಗೊತ್ತು. ನಮ್ಮನ್ನು ಬರೀ ಅಳುವವರನ್ನಾಗಿ ತೋರಿಸೋದೂ ಒಂದು ಅವಮಾನವೇ.

ನಗಿಸೋದು ಕಲಿಯೋಕೆ ದೂರ ಹೋಗಬೇಕಾಗಿಲ್ಲ. ದಾವಣಗೆರೆ ಕಂಪನಿ ನಾಟಕದ ಊರು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ತವರು ಅದು. ಹೊಸ ನಾಟಕದವರು ಕಂಪನಿ ನಾಟಕ ಅಂದರೆ ಮೂಗು ಮುರಿಯುತ್ತಾರೆ. ನಾವು ಮುರಿಯಲ್ಲ. ಟಿಕೆಟ್ ಕೊಟ್ಟು ಬಂದ ಹಮಾಲಿ, ಮಿಲ್ಲಿನ ಕೂಲಿಯವನನ್ನು ಮೂರು ಗಂಟೆ ಕುರ್ಚಿ ಬಿಟ್ಟು ಏಳದ ಹಾಗೆ ಕೂರಿಸೋದು ಒಂದು ವಿದ್ಯೆ. ಯಾವ ಮಾತಿನ ಮೇಲೆ ಪಾತ್ರ ಒಳಗೆ ಹೋಗಬೇಕು, ಅತ್ತ ಮೇಲೆ ಎಷ್ಟು ಹೊತ್ತಿಗೆ ನಗಿಸಬೇಕು, ಅವರಿಗೆ ಗೊತ್ತಿತ್ತು. ಅವರ ಅನೇಕ ನಾಟಕಗಳಲ್ಲಿ ಬಡವ ಅಂದರೆ ಹಾಸ್ಯದ ಆಳು, ಅದು ನಮಗೆ ಬೇಡ. ವಿದ್ಯೆ ತಗೊಳ್ಳೋಣ.

ಬೀದಿ ನಾಟಕ ಬರೆಯುವವರಿಗೆ ಒಂದು ಮಾತು. 1977ರಲ್ಲಿ ಬಿಹಾರದ ಬೆಲ್ಚಿಯಲ್ಲಿ ಹನ್ನೊಂದು ಜನರನ್ನು ಸುಟ್ಟರು. 1975ರಲ್ಲಿ ಹುಟ್ಟಿದ ಸಮುದಾಯ ತಂಡ ಅದನ್ನೇ 'ಬೆಲ್ಚಿ' ಅಂತ ಬೀದಿ ನಾಟಕ ಮಾಡಿ ಕರ್ನಾಟಕದ ಹಳ್ಳಿಗಳಲ್ಲಿ ಆಡಿತು. ಪರದೆ ಇಲ್ಲ, ಬಣ್ಣ ಇಲ್ಲ, ಸುತ್ತ ಜನ. ಬಿಹಾರದ ಸುದ್ದಿ ಇಲ್ಲಿಯ ಕೇರಿಯ ಸುದ್ದಿ ಆಯಿತು. ಅದರಲ್ಲಿ ಅಪಾಯವೂ ಇದೆ ಅಂತ ಮರೆಯಬೇಡಿ. ದಿಲ್ಲಿಯ ಹತ್ತಿರ ಸಾಹಿಬಾಬಾದಿನಲ್ಲಿ 1989ರ ಜನವರಿ 1ರಂದು ಆಟ ನಡೆಯುವಾಗಲೇ ಸಫ್ದರ್ ಹಶ್ಮಿಯ ತಂಡದ ಮೇಲೆ ಬಿದ್ದು ಹೊಡೆದರು, ಮಾರನೇ ದಿನ ಆತ ತೀರಿಕೊಂಡ. ಜನವರಿ 4ರಂದು ಆತನ ಹೆಂಡತಿ ಮಾಲಶ್ರೀ ತಂಡದೊಂದಿಗೆ ಅದೇ ಜಾಗಕ್ಕೆ ಹೋಗಿ ನಿಂತ ನಾಟಕ ಆಡಿ ಮುಗಿಸಿದಳು. ನೋಡಿ, ಅಲ್ಲೂ ಮಾರನೇ ದಿನದ್ದೇ ಪ್ರಶ್ನೆ.

ಮಹಾರಾಷ್ಟ್ರದಲ್ಲಿ ಜೋತಿಬಾ ಫುಲೆ 1855ರಲ್ಲೇ 'ತೃತೀಯ ರತ್ನ' ಅಂತ ನಾಟಕ ಬರೆದರು. ಬಸುರಿ ಹೆಂಗಸನ್ನು, ಅವಳ ಗಂಡನನ್ನು ಜೋಯಿಸ ಹೆದರಿಸಿ ದುಡ್ಡು ಕೀಳ್ತಾನೆ. ನಡುನಡುವೆ ವಿದೂಷಕ ಬಂದು ಗುಟ್ಟು ರಟ್ಟು ಮಾಡ್ತಾನೆ. ಇದನ್ನು ಓದಿದಾಗ ನಮಗೆ ನಮ್ಮ ಬಯಲಾಟದ ಸಾರಥಿ ನೆನಪಾದ. ದೊಡ್ಡಾಟದಲ್ಲಿ ಎಂಥ ರಾಜನೇ ಬರಲಿ, ಸಾರಥಿ ಅವನನ್ನು ನಿಲ್ಲಿಸಿ ನೀವು ಯಾರು, ಯಾವ ಊರು, ಇಲ್ಲಿಗೆ ಬಂದ ಕಾರಣ ಏನು ಅಂತ ಕೇಳ್ತಾನೆ. ರಾಜ ಉತ್ತರ ಕೊಡಲೇಬೇಕು! ಊರಲ್ಲಿ ನಮ್ಮವನು ಗೌಡನನ್ನು ನಿಲ್ಲಿಸಿ ನೀನ್ಯಾರು ಅಂತ ಕೇಳೋದುಂಟಾ? ಅಟ್ಟದ ಮೇಲೆ ಕೇಳಬಹುದು, ಸಂಪ್ರದಾಯವೇ ಅಪ್ಪಣೆ ಕೊಟ್ಟಿದೆ. ಮೂರನೇ ಕರಡಿನಲ್ಲಿ ಹಲಗೆ ಬಡಿಯುವವನನ್ನೇ ಸಾರಥಿ ಮಾಡಿದ್ದೇವೆ. ಹೋಟೆಲಿಗೆ ಬರುವ ಪ್ರತಿಯೊಬ್ಬನನ್ನೂ ನಿಲ್ಲಿಸಿ ಕೇಳ್ತಾನೆ: "ತಾವು ಯಾರು? ತಮ್ಮ ಊರು ಯಾವುದು? ತಮ್ಮ ಲೋಟ ಯಾವುದು?" ಮೊದಲ ಎರಡಕ್ಕೆ ಎಲ್ಲರೂ ಗತ್ತಿನಿಂದ ಉತ್ತರ ಕೊಡ್ತಾರೆ. ಮೂರನೆಯದಕ್ಕೆ ತಡವರಿಸ್ತಾರೆ.

ಹೆಣ್ಣಿನ ಮೇಲಿನ ದೌರ್ಜನ್ಯವನ್ನೂ ಮೊದಲ ಕರಡಿನಲ್ಲಿ ತುರುಕಿದ್ದೆವು. ಸೀರೆ ಉಟ್ಟ ಹುಡುಗ, ಎಳೆದಾಡುವ ಗೌಡ. ತಾಲೀಮಿನಲ್ಲೇ ನಮ್ಮವರೇ ನಕ್ಕರು. ನಮಗೆ ನಾಚಿಕೆಯಾಗಿ ತೆಗೆದೆವು. ಅಂಥದ್ದನ್ನು ಕಣ್ಣೆದುರು ಆಡಿ ತೋರಿಸೋದು ನೋಡುವ ಕಣ್ಣಿಗೆ ಮತ್ತೊಂದು ಸಲ ಅವಳನ್ನು ಒಪ್ಪಿಸಿದ ಹಾಗೆ. ಹುಡುಗಿಯರ ಹಾಸ್ಟೆಲಿನಿಂದ ತಂಡಕ್ಕೆ ಯಾರ್ಯಾರು ಬರ್ತಾರೋ ಅವರನ್ನು ಬರೆಯುವಾಗಲೇ ಕರೀರಿ, ಬರೆದು ಮುಗಿಸಿ ಪಾತ್ರ ಹಂಚೋಕೆ ಕರೀಬೇಡಿ.

ಇನ್ನು ಕೆಲವು ಒರಟು ಸಂಗತಿ. ಮೆಸ್ ಊಟ ಮುಗಿದ ಮೇಲೆ ಒಂದು ಗಂಟೆ ಸಿಕ್ಕರೆ ಅದೇ ನಿಮ್ಮ ತಾಲೀಮು. ಪರೀಕ್ಷೆ ಬಂದರೆ ಅರ್ಧ ತಂಡ ಖಾಲಿ. ಹಾಗಾಗಿ ಒಬ್ಬ ಬಿಟ್ಟು ಹೋದರೆ ವಾರದಲ್ಲಿ ಇನ್ನೊಬ್ಬ ಕಲಿಯೋ ಹಾಗೆ ಪಾತ್ರ ಬರೀರಿ. ಒಂದು ಬೆಂಚು, ಒಂದು ಲೋಟ, ಒಂದು ಹಲಗೆ, ಇಷ್ಟರಲ್ಲಿ ಮುಗೀಬೇಕು. ಬಸ್ಸಿನ ಮೇಲೆ ಹಾಕಿಕೊಂಡು ಹೋಗೋಕೆ ಆಗಬೇಕಲ್ಲ. ಬಯಲಲ್ಲಿ ಆಡುವಾಗ ಎಮ್ಮೆ ಬರುತ್ತೆ, ಟ್ರ್ಯಾಕ್ಟರ್ ಬರುತ್ತೆ, ಮಗು ಅಳುತ್ತೆ. ಒಂದೇ ಉಸಿರಿಗೆ ಹೇಳೋಕಾಗದ ಮಾತು ಬರೀಬೇಡಿ. ಜನಕ್ಕೆ ತಿಳಿಯಲೇಬೇಕಾದ ಸಂಗತಿಯನ್ನು ಬೇರೆ ಬೇರೆ ಬಾಯಲ್ಲಿ ಮೂರು ಸಲ ಬರೋ ಹಾಗೆ ಮಾಡ್ರಿ. ಬರೆದದ್ದನ್ನು ಗಟ್ಟಿಯಾಗಿ ಓದದೆ ಯಾರಿಗೂ ಕೊಡಬೇಡಿ.

ವಸ್ತು ಇಲ್ಲ ಅಂತ ಮಾತ್ರ ಹೇಳಬೇಡಿ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದಿದ್ದಕ್ಕೆ ನಾಡೇ ಹೊತ್ತಿ ಉರಿಯಿತು, ಹಾಸ್ಟೆಲ್ ಹುಡುಗರು ಒದೆ ತಿಂದರು, ಅವರು ಮಂತ್ರಿ ಪದವಿ ಬಿಡಬೇಕಾಯಿತು. ಅದರ ಬಿಸಿಯಲ್ಲಿ ಎದ್ದ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದ ಪ್ರೊ. ಬಿ. ಕೃಷ್ಣಪ್ಪನವರೂ 1938ರಲ್ಲಿ ಹರಿಹರದಲ್ಲೇ ಹುಟ್ಟಿದವರು, ಭದ್ರಾವತಿಯಲ್ಲಿ ಕನ್ನಡ ಮೇಷ್ಟ್ರು. ಒಂದೇ ಊರಿನ ಇಬ್ಬರು, ಒಂದು ಶಬ್ದ, ಒಂದು ಹಾಸ್ಟೆಲ್ ಕೋಣೆ. ಆ ರಾತ್ರಿ ಆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತ ನಾಲ್ಕು ಹುಡುಗರು ಏನು ಮಾತಾಡಿದರು? ಇಲ್ಲಿರೋ ಯಾರಾದರೂ ಬರೀರಿ. ನಾಯಕರನ್ನು ಅಟ್ಟದ ಮೇಲೆ ತರಬೇಡಿ, ಬಂದರೆ ಹಾರ ಹಾಕೋದರಲ್ಲೇ ಹೊತ್ತು ಹೋಗುತ್ತೆ.

ಈಗ ನಮ್ಮ ಕಾಗದದ ಕಪ್ಪಿಗೆ ಬರೋಣ. ನಾಲ್ಕನೇ ದೃಶ್ಯ. ಮೂರು ತಿಂಗಳಾಗಿದೆ. ಕೂಲಿ ಮತ್ತೆ ಶುರುವಾಗಿದೆ, ಗಳದ ಮೇಲೆ ಲೋಟ ಇಲ್ಲ, ಹೋಟೆಲಿನವನು ನಗುತ್ತಾ ಕಾಗದದ ಕಪ್ಪಿನಲ್ಲಿ ಚಹಾ ಕೊಡ್ತಾನೆ. ಅಪ್ಪ ಗೆದ್ದೆವು ಅಂತಾನೆ. ಮಗ ಇಲ್ಲ ಅಂತಾನೆ. ಅವ್ವ ಆ ಕಪ್ಪು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಾಳೆ. ಚಹಾ ಆರ್ತಾ ಇದೆ. ಕುಡೀತಾಳೋ, ಕುಡಿಯಲ್ವೋ, ಏನಂತಾಳೋ, ಅಲ್ಲಿಗೆ ನಮ್ಮ ಬರವಣಿಗೆ ನಿಂತಿದೆ. ನಾವು ನಾಲ್ಕು ಥರ ಬರೆದಿದ್ದೇವೆ, ನಾಲ್ಕೂ ಗಂಡಸರ ಕೈಯಲ್ಲಿ ಬರೆದದ್ದು ಅಂತ ಓದಿದರೆ ಗೊತ್ತಾಗುತ್ತೆ. ಹಾಳೆ ತಂದಿದ್ದೇವೆ. ಆ ಕಡೆ ಕೂತಿರೋ ಅಕ್ಕತಂಗಿಯರಲ್ಲಿ ಒಬ್ಬರು ಎದ್ದು ಬಂದು ಅವ್ವನ ಜಾಗದಲ್ಲಿ ನಿಲ್ಲರಿ. ಮಾತು ನಾವು ಕೊಡಲ್ಲ. ಕಪ್ಪು ಮಾತ್ರ ಕೊಡ್ತೀವಿ.